ಪೀಪಾಯಿ ಬಡಗಿಯ ಹಳೆಯ ಹತಾರಗಳು: ಗುರುತಿಸುವುದು, ಕೊಳ್ಳುವುದು, ಕಾಪಾಡುವುದು

ಇಂಗ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಹಳೆ ಸಾಮಾನಿನ ಸಂತೆಗಳಲ್ಲಿ ಕಬ್ಬಿಣದ ರಾಶಿ ಕೆದಕಿದರೆ ಕೆಲವು ವಿಚಿತ್ರ ಹತಾರಗಳು ಕೈಗೆ ಸಿಗುತ್ತವೆ. ಎರಡು ಹಿಡಿಯ ಬಾಗಿದ ಕತ್ತಿ. ಮೊಳದುದ್ದಕ್ಕಿಂತ ಗಿಡ್ಡ ಕಾವಿನ ಬಾಚಿ. ಅರ್ಧಚಂದ್ರಾಕಾರದ ಹಲಗೆಗೆ ಸಿಕ್ಕಿಸಿದ ಒಂದು ಗೂಟ, ಆ ಗೂಟದ ತುದಿಯಲ್ಲಿ ಗರಗಸದ ಹಲ್ಲು. ಮಾರುವವರಿಗೂ ಅದು ಏನೆಂದು ಗೊತ್ತಿರುವುದಿಲ್ಲ. 'ಹಳೇ ಬಡಗಿ ಸಾಮಾನು' ಅಂತ ಚೀಟಿ ಅಂಟಿಸಿ ಇಟ್ಟಿರುತ್ತಾರೆ.

ಇವುಗಳಲ್ಲಿ ಎಷ್ಟೋ ಸಾಮಾನು ಪೀಪಾಯಿ ಕಟ್ಟುವ ಬಡಗಿಗಳದ್ದು. ಅಲ್ಲಿ ಅವರನ್ನು ಕೂಪರ್ ಅಂತಾರೆ. ಲಂಡನ್ನಿನ ಕೂಪರ್‌ಗಳ ಸಂಘಕ್ಕೆ 1501ರಲ್ಲೇ ರಾಜಸನ್ನದು ಸಿಕ್ಕಿತ್ತು. ಬಿಯರ್, ವಿಸ್ಕಿ, ರಮ್, ಉಪ್ಪು ಹಾಕಿದ ಮಾಂಸ, ಹಿಟ್ಟು, ಸಿಡಿಮದ್ದು ಎಲ್ಲವೂ ಪೀಪಾಯಿಯಲ್ಲೇ ಓಡಾಡುತ್ತಿದ್ದ ಕಾಲ ಅದು. ಎರಡನೇ ಮಹಾಯುದ್ಧದ ನಂತರ ಬಿಯರ್ ಕಾರ್ಖಾನೆಗಳು ಅಲ್ಯುಮಿನಿಯಂ, ಸ್ಟೀಲ್ ಪೀಪಾಯಿಗಳಿಗೆ ಹೊರಳಿದವು. ಬ್ರಿಟಿಷ್ ನೌಕಾಪಡೆ ನಾವಿಕರಿಗೆ ದಿನಾ ಕೊಡುತ್ತಿದ್ದ ರಮ್ ಕೂಡ 1970ರ ಜುಲೈ 31ಕ್ಕೆ ನಿಂತಿತು. ಕೆಲಸ ಹೋದ ಮೇಲೆ ಹತಾರ ಪೆಟ್ಟಿಗೆಗಳು ಮನೆಯ ಅಟ್ಟ ಸೇರಿದವು. ಈಗ ಒಂದೊಂದಾಗಿ ಹೊರಗೆ ಬರುತ್ತಿವೆ.

ಆ ಕಡೆ ನೆಲೆಸಿ ವಾರಾಂತ್ಯದಲ್ಲಿ ಇಂಥ ಸಂತೆ ಸುತ್ತುವ ಕನ್ನಡಿಗರಿಗೆ, ಇಲ್ಲಿಂದಲೇ ಆನ್‌ಲೈನ್ ಹರಾಜು ನೋಡುವ ಮರಗೆಲಸದ ಆಸಕ್ತರಿಗೆ ಈ ಬರಹ. ನಾನು ಹೇಳುವುದೆಲ್ಲ ಮುಖ್ಯವಾಗಿ ಬ್ರಿಟನ್ನಿನ ಓಕ್ ಪೀಪಾಯಿಯ ಹತಾರಗಳ ಬಗ್ಗೆ. ಈ ಹತಾರಗಳ ಬೆಲೆ ಇರುವುದು ಹೊಳಪಿನಲ್ಲಲ್ಲ, ಸವೆತದಲ್ಲಿ. ಎಲ್ಲಿ ಸವೆದಿದೆ, ಯಾಕೆ ಸವೆದಿದೆ ಎಂದು ಓದಲು ಬಂದರೆ ಗುರುತಿಸುವುದೂ ಸುಲಭ, ಹಾಳಾಗದಂತೆ ಕಾಪಾಡುವುದೂ ಸುಲಭ.

ಮೊದಲ ಹೆಜ್ಜೆ: ಪೀಪಾಯಿ ಹೇಗೆ ಕಟ್ಟುತ್ತಾರೆ ಅಂತ ತಿಳಿದುಕೊಳ್ಳಿ

ಹತಾರದ ಹೆಸರು ಬಾಯಿಪಾಠ ಮಾಡಿ ಪ್ರಯೋಜನವಿಲ್ಲ. ಊರಿಂದ ಊರಿಗೆ ಹೆಸರು ಬದಲಾಗುತ್ತದೆ. ಕೆಲಸದ ಕ್ರಮ ಮಾತ್ರ ಬದಲಾಗುವುದಿಲ್ಲ. ಅದನ್ನು ತಲೆಯಲ್ಲಿ ಇಟ್ಟುಕೊಂಡರೆ ಯಾವ ಹತಾರ ಸಿಕ್ಕರೂ ಅದನ್ನು ಅದರ ಜಾಗದಲ್ಲಿ ಕೂರಿಸಬಹುದು.

ಪೀಪಾಯಿಯ ಹಲಗೆ ಎರಡು ತುದಿಯಲ್ಲೂ ಕಿರಿದು, ನಡುವೆ ಅಗಲ. ಹೊರಮೈ ಉಬ್ಬು, ಒಳಮೈ ತಗ್ಗು. ಎರಡು ಅಂಚುಗಳು ಓರೆ. ಓಕ್ ದಿಮ್ಮಿಯನ್ನು ನಡುವಿನಿಂದ ಹೊರಕ್ಕೆ ಸೀಳಿ ಹಲಗೆ ತೆಗೆಯುತ್ತಾರೆ. ಹಾಗೆ ಸೀಳಿದರೆ ಮರದೊಳಗಿನ ಕಿರಣದಂಥ ಪದರಗಳು ಹಲಗೆಯ ಅಗಲದ ಉದ್ದಕ್ಕೂ ಮಲಗುತ್ತವೆ, ಒಳಗಿನ ದ್ರವ ಹೊರಗೆ ಜಿನುಗುವುದಿಲ್ಲ. ಇಂಗ್ಲೆಂಡಿನ ಬಿಯರ್ ಪೀಪಾಯಿಗೆ ಬಾಲ್ಟಿಕ್ ತೀರದ ಮೇಮೆಲ್ ಬಂದರಿನಿಂದ ಬರುತ್ತಿದ್ದ ಓಕ್‌ಗೆ ಬಹಳ ಬೇಡಿಕೆ ಇತ್ತು.

ಹಲಗೆಯನ್ನು ಮೊದಲು ಅಗಲ ಬಾಯಿಯ ಕೊಡಲಿಯಲ್ಲಿ ಕೆತ್ತುತ್ತಾರೆ. ಆಮೇಲೆ ಡ್ರಾ ನೈಫ್, ಅಂದರೆ ಎರಡೂ ಹಿಡಿ ಹಿಡಿದು ಮೈಕಡೆಗೆ ಎಳೆಯುವ ಕತ್ತಿ. ಹೊರಮೈಗೆ ಒಂದು, ಒಳಮೈಗೆ ಒಂದು. ಅಂಚಿನ ಓರೆಯನ್ನು ಜಾಯಿಂಟರ್ ಎಂಬ ಉದ್ದನೆಯ ಹತ್ತರಿಯ ಮೇಲೆ ತೆಗೆಯುತ್ತಾರೆ. ನಮ್ಮ ಕಡೆ ಉಜ್ಜುಗೊರಡು ಅಂತಲೂ ಕರೆಯುವ ಹತ್ತರಿಯನ್ನು ಮರದ ಮೇಲೆ ತಳ್ಳುತ್ತೇವೆ, ಅಲ್ವಾ? ಇಲ್ಲಿ ತಿರುಗುಮುರುಗು. ಹತ್ತರಿ ಅಂಗಾತ ಮಲಗಿರುತ್ತದೆ, ಅಲಗು ಮೇಲ್ಮುಖ, ಹಲಗೆಯನ್ನು ಅದರ ಮೇಲೆ ತಳ್ಳಬೇಕು. ಐದಾರು ಅಡಿ ಉದ್ದದ ಹತ್ತರಿ, ಒಂದು ತುದಿಗೆ ಕಾಲು. ಓರೆ ಎಷ್ಟಿರಬೇಕು ಅನ್ನುವುದು ಕೂಪರ್‌ನ ಕಣ್ಣಳತೆ. ಯಾವ ಅಳತೆಗೋಲೂ ಇಲ್ಲ.

ನಂತರ ಹಲಗೆಗಳನ್ನು ಒಂದು ಬಳೆಯೊಳಗೆ ಸುತ್ತಲೂ ನಿಲ್ಲಿಸುತ್ತಾರೆ. ಒಳಗೆ ಸಣ್ಣ ಕಬ್ಬಿಣದ ಬುಟ್ಟಿಯಲ್ಲಿ ಮರದ ಹೊಟ್ಟು, ಚೂರು ಉರಿಸುತ್ತಾರೆ. ಹಲಗೆ ಬಿಸಿಗೆ ಮೆತ್ತಗಾದಾಗ ಆಶ್ ಮರದ ದಪ್ಪ ಬಳೆಗಳನ್ನು ಸುತ್ತಿಗೆಯಿಂದ ಹೊಡೆದು ಇಳಿಸುತ್ತಾ ಇನ್ನೊಂದು ತುದಿಯನ್ನೂ ಬಿಗಿಯುತ್ತಾರೆ. ಪೀಪಾಯಿಗೆ ಹೊಟ್ಟೆ ಬರುವುದು ಆಗಲೇ.

ಈಗ ಪೀಪಾಯಿಯ ಬಾಯಿ ಅಂಕುಡೊಂಕು ಇರುತ್ತದೆ. ಬಾಚಿಯಿಂದ ಒಳ ಅಂಚನ್ನು ಓರೆಯಾಗಿ ಕೆತ್ತಬೇಕು. ಬಾಯಿಯ ಮೇಲ್ಭಾಗ ಸಮ ಮಾಡಲು ಟಾಪಿಂಗ್ ಪ್ಲೇನ್. ಒಳಗೆ ಅಂಚಿನಿಂದ ಸ್ವಲ್ಪ ಕೆಳಗೆ ಅಗಲವಾಗಿ ನುಣುಪು ಮಾಡಲು ಚಿವ್. ಆ ನುಣುಪು ಜಾಗದಲ್ಲಿ ಮುಚ್ಚಳ ಕೂರುವ ಕಿರಿದಾದ ತೋಡು ಕೊರೆಯಲು ಕ್ರೋಜ್. ಬಾಚಿ ಬಿಟ್ಟು ಉಳಿದ ಈ ಮೂರು ಹತಾರ ಪೀಪಾಯಿ ಬಡಗಿಯ ಹೊರತು ಬೇರೆ ಯಾರ ಹತ್ತಿರವೂ ಇರುತ್ತಿರಲಿಲ್ಲ ಅಂದರೂ ನಡೆಯುತ್ತದೆ.

ಮುಚ್ಚಳದ ಲೆಕ್ಕ ನನಗೆ ತುಂಬ ಇಷ್ಟ. ಕೂಪರ್ ಕೈವಾರ ತೆಗೆದುಕೊಂಡು ಆ ತೋಡಿನೊಳಗೆ ಸುತ್ತ ಹೆಜ್ಜೆ ಹಾಕಿಸುತ್ತಾನೆ. ಸರಿಯಾಗಿ ಆರು ಹೆಜ್ಜೆಗೆ ಶುರುವಾದ ಜಾಗಕ್ಕೇ ಬಂದು ನಿಲ್ಲಬೇಕು. ಮುಂದೆ ಹೋದರೆ ಕೈವಾರ ಸ್ವಲ್ಪ ಕಿರಿದು ಮಾಡು, ಹಿಂದೆ ಉಳಿದರೆ ಸ್ವಲ್ಪ ಅಗಲಿಸು. ಸರಿ ಬಂದ ಅಗಲವೇ ಮುಚ್ಚಳದ ತ್ರಿಜ್ಯ. ವೃತ್ತದೊಳಗೆ ಕೂರುವ ಸಮ ಷಟ್ಕೋನದ ಬಾಹು ತ್ರಿಜ್ಯಕ್ಕೆ ಸಮ ಎಂಬ ಶಾಲೆಯ ರೇಖಾಗಣಿತವೇ ಇದು. ಪುಸ್ತಕ ಮುಟ್ಟದ ಬಡಗಿಯೂ ದಿನಾ ಇದನ್ನೇ ಮಾಡುತ್ತಿದ್ದ.

ಕೊನೆಗೆ ಕಬ್ಬಿಣದ ಬಳೆಗಳು, ಬೂಚು ಕೂರುವ ತೂತು, ಹೊರಮೈ ಹೆರೆದು ನುಣುಪು ಮಾಡುವುದು. ಹಲಗೆಗಳ ನಡುವೆ ಸೋರಿದರೆ ಒಣ ಜೊಂಡು ತುರುಕುತ್ತಾರೆ. ಅದಕ್ಕೂ ಒಂದು ಹತಾರವಿದೆ: ಹಲಗೆಗಳನ್ನು ತಿರುಚಿ ಬಿಡಿಸುವ ಕೊಕ್ಕೆಯಂಥ ಕಬ್ಬಿಣ, ಫ್ಲ್ಯಾಗಿಂಗ್ ಐರನ್.

ಎರಡನೇ ಹೆಜ್ಜೆ: ಕೈಯಲ್ಲಿ ಹಿಡಿದು ಪರೀಕ್ಷಿಸಿ

ಇಲ್ಲಿ ನಿಧಾನ ಮಾಡಿ. ಪೀಪಾಯಿ ಹತಾರ ಅಂತ ಮಾರುವುದೆಲ್ಲ ಪೀಪಾಯಿಯದ್ದಲ್ಲ. ಹಾಗೇ, ಬೇರೆ ಏನೋ ಅಂತ ಅಗ್ಗಕ್ಕೆ ಮಾರುವುದು ಕೆಲವೊಮ್ಮೆ ಅಪ್ಪಟ ಕೂಪರ್ ಹತಾರವಾಗಿರುತ್ತದೆ.

ಕೊಡಲಿಯಿಂದ ಶುರು ಮಾಡೋಣ. ಕೂಪರ್ ಕೊಡಲಿಗೆ ಒಂದೇ ಬದಿಯಲ್ಲಿ ಸಾಣೆ. ಇನ್ನೊಂದು ಬದಿ ಚಪ್ಪಟೆ. ಕಾವು ಗಿಡ್ಡ, ಒಂದು ಕಡೆಗೆ ವಾಲಿಕೊಂಡಿರುತ್ತದೆ. ಹಲಗೆಯ ಪಕ್ಕದಲ್ಲೇ ಕೆತ್ತುವಾಗ ಬೆರಳು ಮರಕ್ಕೆ ತಾಗಬಾರದು ಅಂತ ಈ ವಾಲು. ಚಪ್ಪಟೆ ಬದಿ ಎಡಕ್ಕಿದೆಯೋ ಬಲಕ್ಕಿದೆಯೋ ನೋಡಿದರೆ ಅದು ಬಲಗೈಯವನದ್ದೋ ಎಡಗೈಯವನದ್ದೋ ಅಂತಲೂ ಗೊತ್ತಾಗುತ್ತದೆ. ಎರಡೂ ಬದಿ ಸಾಣೆ ಇದ್ದು ಕಾವು ನೇರ ಉದ್ದ ಇದ್ದರೆ ಅದು ಮರ ಕಡಿಯುವ ಕೊಡಲಿ, ಬಿಟ್ಟುಬಿಡಿ.

ಡ್ರಾ ನೈಫ್‌ನಲ್ಲಿ ಗೊಂದಲ ಜಾಸ್ತಿ. ಗಾಡಿ ಚಕ್ರ ಮಾಡುವವರು, ಸಾಮಾನ್ಯ ಬಡಗಿಗಳು ಎಲ್ಲರೂ ಇದನ್ನು ಬಳಸುತ್ತಿದ್ದರು. ಅವರದ್ದು ಬಹುತೇಕ ನೇರ ಅಲಗು. ಕೂಪರ್‌ನ ಒಳಮೈ ಕತ್ತಿಯ ಅಲಗು ಎದ್ದು ಕಾಣುವಷ್ಟು ಬಾಗಿರುತ್ತದೆ. ಹೊರಮೈ ಕತ್ತಿಯದ್ದು ಸ್ವಲ್ಪವೇ ಬಾಗು, ಒಂದು ನೇರ ಪಟ್ಟಿ ಇಟ್ಟು ನೋಡಿದರೆ ತಿಳಿಯುತ್ತದೆ. ಹಿಡಿಗಳ ಕೋನವನ್ನೂ ಗಮನಿಸಿ. ಎರಡೂ ಹಿಡಿ ಒಂದೇ ಕೋನದಲ್ಲಿ ಇಲ್ಲದಿದ್ದರೆ ಯಾವಾಗಲೋ ಕೆಳಗೆ ಬಿದ್ದು ಬಗ್ಗಿರಬಹುದು. ಒಂದೇ ಕೈಯಲ್ಲಿ ಹಿಡಿಯುವ, ಬಾಗಿದ ಅಲಗಿನ ಪುಟ್ಟ ಕತ್ತಿ ಸಿಕ್ಕರೆ ಅದು ಜಿಗ್ಗರ್. ರಿಪೇರಿಯಲ್ಲಿ ಒಂದೆರಡು ಹಲಗೆಯನ್ನಷ್ಟೇ ಸರಿಮಾಡುವಾಗ ಬೇಕಾಗುತ್ತಿತ್ತು.

ಬಾಚಿ ನಮಗೆ ಹೊಸದಲ್ಲ. ಕೂಪರ್‌ನ ಬಾಚಿಯ ಗುರುತು ಅದರ ಗಿಡ್ಡ ಕಾವು. ಪೀಪಾಯಿಯ ಬಾಯಿಯೊಳಗೆ ಕೈ ಬೀಸಬೇಕು, ಉದ್ದ ಕಾವು ಎದುರು ಹಲಗೆಗೆ ಬಡಿಯುತ್ತದೆ. ಅಲಗು ಕೈಕಡೆಗೆ ಚೆನ್ನಾಗಿ ಬಾಗಿರುತ್ತದೆ, ಹಿಂಬದಿಯಲ್ಲಿ ಸುತ್ತಿಗೆಯಂಥ ಮುಖ. ಹಡಗು ಕಟ್ಟುವವರ ಬಾಚಿಗೆ ಕಾವು ಉದ್ದ, ನಿಂತು ಬೀಸುವಂಥದ್ದು. ಎರಡನ್ನೂ ಒಮ್ಮೆ ಕೈಯಲ್ಲಿ ಹಿಡಿದರೆ ಮತ್ತೆ ಮರೆಯುವುದಿಲ್ಲ.

ಟಾಪಿಂಗ್ ಪ್ಲೇನ್ ಅನ್ನು ಕಂಪಾಸ್ ಪ್ಲೇನ್ ಅಂತ ತಪ್ಪಾಗಿ ಮಾರುವುದು ಬಹಳ. ವ್ಯತ್ಯಾಸ ಸರಳ. ಹತ್ತರಿಯನ್ನು ಸಮತಟ್ಟಾದ ಮೇಜಿನ ಮೇಲೆ ಇಡಿ. ಕಂಪಾಸ್ ಪ್ಲೇನಿನ ತಳವೇ ಬಾಗಿರುವುದರಿಂದ ಅದು ಹಿಂದೆಮುಂದೆ ತೂಗುತ್ತದೆ. ಟಾಪಿಂಗ್ ಪ್ಲೇನಿನ ತಳ ಸಮ, ಅಲ್ಲಾಡದೆ ಕೂರುತ್ತದೆ. ಮೇಲಿನಿಂದ ನೋಡಿದರೆ ಇಡೀ ಹತ್ತರಿ ಬಾಳೆಹಣ್ಣಿನ ಹಾಗೆ ಪಕ್ಕಕ್ಕೆ ಬಾಗಿರುತ್ತದೆ. ಪೀಪಾಯಿಯ ಬಾಯಿಯ ಸುತ್ತ ಓಡಲು ಅದು ಹಾಗಿರಲೇಬೇಕು.

ಕ್ರೋಜ್ ಮತ್ತು ಚಿವ್ ನೋಡಲು ಅಣ್ಣತಮ್ಮ. ಎರಡಕ್ಕೂ ಅರ್ಧಚಂದ್ರಾಕಾರದ ದೊಡ್ಡ ಹಲಗೆ ಇರುತ್ತದೆ. ಆ ಹಲಗೆ ಪೀಪಾಯಿಯ ಬಾಯಿಯ ಮೇಲೆ ಕೂರುತ್ತದೆ, ಕತ್ತರಿಸುವ ಭಾಗ ಒಳಗೆ ಇಳಿದಿರುತ್ತದೆ. ಚಿವ್‌ನ ಅಲಗು ಅಗಲ, ಬಾಗಿದ್ದು. ಕ್ರೋಜ್‌ನ ಅಲಗು ಕಿರಿದು. ಕೆಲವದರಲ್ಲಿ ಗರಗಸದ ಹಲ್ಲು, ಕೆಲವದರಲ್ಲಿ ಕೊಕ್ಕಿನಂಥ ಅಲಗು, ಅದರ ಮುಂದೆ ನಾರು ಕತ್ತರಿಸಿಕೊಡುವ ಸಣ್ಣ ಚೂರಿಗಳು.

ಈ ಎರಡು ಹತಾರಗಳಿಂದ ಎಷ್ಟು ದೊಡ್ಡ ಪೀಪಾಯಿಗೆ ಮಾಡಿದ್ದು ಅಂತಲೂ ಅಂದಾಜು ಹಾಕಬಹುದು. ಒಳಗೆ ಇಳಿಯುವ ಮರದ ಮೈ ಉಬ್ಬಾಗಿರುತ್ತದೆ. ಆ ಉಬ್ಬಿನ ಎರಡು ಬಿಂದುಗಳ ನಡುವೆ ನೇರ ಅಂತರ ಅಳೆಯಿರಿ. ಆ ಗೆರೆಯ ನಡುವಿನಿಂದ ಉಬ್ಬು ಎಷ್ಟು ಎತ್ತರ ಇದೆ ಅಂತ ಅಳೆಯಿರಿ. ಅಂತರದ ವರ್ಗವನ್ನು ಎತ್ತರದ ಎಂಟರಷ್ಟರಿಂದ ಭಾಗಿಸಿ, ಅದಕ್ಕೆ ಎತ್ತರದ ಅರ್ಧ ಸೇರಿಸಿದರೆ ತ್ರಿಜ್ಯ ಸಿಗುತ್ತದೆ. ಅಂತರ 20 ಸೆಂ.ಮೀ., ಎತ್ತರ 2 ಸೆಂ.ಮೀ. ಇದ್ದರೆ 400ನ್ನು 16ರಿಂದ ಭಾಗಿಸಿ 25, ಅದಕ್ಕೆ 1 ಸೇರಿಸಿ 26 ಸೆಂ.ಮೀ. ಅಂದರೆ ಒಳ ಅಳತೆ ಸುಮಾರು 52 ಸೆಂ.ಮೀ.ಗಿಂತ ಚಿಕ್ಕ ಬಾಯಿಯೊಳಗೆ ಅದು ಇಳಿದು ಓಡುವುದಿಲ್ಲ. ದೊಡ್ಡದರಲ್ಲಿ ನಡೆದೀತು. ಬ್ರಿಟಿಷ್ ಬಿಯರ್ ಪೀಪಾಯಿಗಳೇ ಹಲವು ಅಳತೆಯವು: ಪಿನ್ ನಾಲ್ಕೂವರೆ ಗ್ಯಾಲನ್, ಫರ್ಕಿನ್ 9, ಕಿಲ್ಡರ್ಕಿನ್ 18, ಬ್ಯಾರಲ್ 36, ಹಾಗ್ಸ್‌ಹೆಡ್ 54. ಅಲ್ಲಿನ ಒಂದು ಗ್ಯಾಲನ್ ಅಂದರೆ ಸುಮಾರು ನಾಲ್ಕೂವರೆ ಲೀಟರ್. ಹೀಗಾಗಿ ಒಬ್ಬನೇ ಕೂಪರ್ ಹತ್ತಿರ ಒಂದಕ್ಕಿಂತ ಹೆಚ್ಚು ಅಳತೆಯ ಕ್ರೋಜ್ ಇರುವುದು ಸಹಜ. ಎರಡು ಕ್ರೋಜ್ ಒಟ್ಟಿಗೆ ಸಿಕ್ಕರೆ 'ಒಂದು ಸಾಕು' ಅನ್ನಬೇಡಿ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಬಳೆ ಹೊಡೆಯುವ ಡ್ರೈವರ್‌ನ ತಳದಲ್ಲಿ ಬಳೆಯ ಅಂಚು ಹಿಡಿಯುವ ಸಣ್ಣ ತೋಡು ಇರುತ್ತದೆ, ಮೇಲ್ತುದಿ ಸುತ್ತಿಗೆ ಏಟಿಗೆ ಅರಳಿಕೊಂಡಿರುತ್ತದೆ. ಬೂಚಿನ ತೂತು ಕೊರೆಯುವ ಬೈರಿಗೆ ತುದಿಯಲ್ಲಿ ಕಿರಿದು, ಮೇಲೆ ಅಗಲ. ಚಕ್ರದ ಗುಂಬ ಕೊರೆಯುವ ಬೈರಿಗೆಯೂ ಹೀಗೇ ಕಾಣುತ್ತದೆ, ಆದರೆ ಅದು ಗಾತ್ರದಲ್ಲಿ ದೊಡ್ಡದು, ಎಷ್ಟೋ ಸಲ ತುದಿಯಲ್ಲಿ ಕೊಕ್ಕೆ ಇರುತ್ತದೆ. ಕೂಪರ್‌ನ ಕೈ ಡ್ರಿಲ್‌ಗೆ ಮೇಲ್ಗಡೆ ಅಗಲವಾದ ಮರದ ತಲೆ ಇರುತ್ತದೆ. ಎದೆಗೆ ಒತ್ತಿ ಹಿಡಿದು ಕೊರೆಯುತ್ತಿದ್ದರು. ಮುಚ್ಚಳದ ಹಲಗೆ ಜೋಡಿಸುವ ಗೂಟದ ತೂತು ಒಂದೇ ಅಳತೆಯದ್ದಾದ್ದರಿಂದ ಡ್ರಿಲ್‌ನ ಕೊರೆಯುವ ಮೊನೆ (ಬಿಟ್) ಬಹಳ ಸಲ ಕಾಯಂ ಆಗಿ ಕೂತಿರುತ್ತದೆ. ಹಾಗಾಗಿ ಬಿಟ್ ಹೊರಗೆ ಬರುತ್ತಿಲ್ಲ ಅಂತ ಜಗ್ಗಾಡಬೇಡಿ.

ಮೂರನೇ ಹೆಜ್ಜೆ: ಮುದ್ರೆ ಓದಿ

ಒಂದು ಟಾರ್ಚ್ ಜೇಬಲ್ಲಿರಲಿ. ಬೆಳಕನ್ನು ನೇರವಾಗಿ ಬಿಡಬೇಡಿ, ಪಕ್ಕದಿಂದ ಸವರಿದ ಹಾಗೆ ಬಿಡಿ. ಮಾಸಿದ ಅಕ್ಷರ ಆಗ ಎದ್ದು ಬರುತ್ತದೆ.

ಕಬ್ಬಿಣದ ಮೇಲೆ ತಯಾರಕರ ಹೆಸರಿರುತ್ತದೆ. ಶೆಫೀಲ್ಡ್‌ನ ಮಾರ್ಪಲ್ಸ್, ವಾರ್ಡ್ ಅಂಡ್ ಪೇಯ್ನ್, ಸ್ಟಾಫರ್ಡ್‌ಶೈರ್‌ನ ಗಿಲ್ಪಿನ್ ಬ್ರಿಟನ್ನಿನಲ್ಲಿ ಸಿಗುವ ಹೆಸರುಗಳು. ಅಮೆರಿಕದಲ್ಲಿರುವವರು ಬಫಲೋ ಊರಿನ ಎಲ್. ಅಂಡ್ ಐ. ಜೆ. ವೈಟ್, ರಾಚೆಸ್ಟರಿನ ಡಿ. ಆರ್. ಬಾರ್ಟನ್ ಹೆಸರು ನೋಡಬಹುದು. 'ಕಾಸ್ಟ್ ಸ್ಟೀಲ್' ಎಂದು ಹೊಡೆದಿದ್ದರೆ ಎರಕದ ಕಬ್ಬಿಣ ಅಂದುಕೊಳ್ಳಬೇಡಿ. ಅದು ಮೂಸೆಯಲ್ಲಿ ಕರಗಿಸಿ ತೆಗೆದ ಒಳ್ಳೆಯ ಉಕ್ಕು. ಬೆಂಜಮಿನ್ ಹಂಟ್ಸ್‌ಮನ್ 1740ರ ದಶಕದಲ್ಲಿ ಶೆಫೀಲ್ಡ್‌ನಲ್ಲಿ ರೂಢಿಗೆ ತಂದ ವಿಧಾನ ಅದು. 'ಇಂಗ್ಲೆಂಡ್' ಎಂಬ ದೇಶದ ಹೆಸರು ಪ್ರತ್ಯೇಕವಾಗಿ ಇದ್ದರೆ ಹತಾರ ಹೆಚ್ಚಾಗಿ 1890ರ ನಂತರದ್ದು. ಆ ವರ್ಷದ ಅಮೆರಿಕದ ಸುಂಕ ಕಾನೂನು ಆಮದು ಸರಕಿನ ಮೇಲೆ ದೇಶದ ಹೆಸರು ಬೇಕೆಂದಿತು. ಬಾಣದ ತುದಿಯಂಥ ಗುರುತು ಕಂಡರೆ ಅದು ಬ್ರಿಟಿಷ್ ಸರ್ಕಾರಿ ಸ್ವತ್ತಿನ ಮುದ್ರೆ. ನೌಕಾಪಡೆಯ ಪೀಪಾಯಿ ಕಾರ್ಯಾಗಾರದಿಂದ ಬಂದಿದ್ದರೂ ಬಂದಿರಬಹುದು.

ತಯಾರಕರ ಹೆಸರಿಗಿಂತ ನನಗೆ ಮುಖ್ಯ ಅನಿಸುವುದು ಮರದ ಮೇಲೆ ಒತ್ತಿರುವ ಮಾಲೀಕರ ಹೆಸರು. ಕೂಪರ್‌ಗಳ ಹತಾರ ಅವರ ಸ್ವಂತದ್ದಾಗಿರುತ್ತಿತ್ತು. ಪೀಪಾಯಿ ಕಾರ್ಯಾಗಾರದಲ್ಲಿ ಕಳುವಾಗದಿರಲಿ ಅಂತ ಪ್ರತಿಯೊಂದರ ಮೇಲೂ ಹೆಸರಿನ ಅಕ್ಷರ ಒತ್ತುತ್ತಿದ್ದರು. ಅಪ್ಪನದ್ದು ಮಗನಿಗೆ, ಗುರುವಿನದ್ದು ಶಿಷ್ಯನಿಗೆ ಹೋದಂತೆ ಹೆಸರು ಸೇರುತ್ತಾ ಹೋಗುತ್ತದೆ. ಒಂದೇ ಕ್ರೋಜ್ ಮೇಲೆ ಎರಡು ಮೂರು ಹೆಸರು ಕಾಣುವುದು ಇದರಿಂದಲೇ. ಒಂದೇ ಅಕ್ಷರಗಳು ಸಂತೆಯ ಅದೇ ಮೇಜಿನ ಮೇಲಿನ ಕೊಡಲಿಯ ಮೇಲೂ, ಕತ್ತಿಯ ಹಿಡಿಯ ಮೇಲೂ ಇವೆಯೇ ನೋಡಿ. ಇದ್ದರೆ ಅದು ಒಬ್ಬನ ಪೆಟ್ಟಿಗೆ. ಕೈಲಾದರೆ ಎಲ್ಲವನ್ನೂ ಒಟ್ಟಿಗೆ ಕೊಳ್ಳಿ. ಆಗದಿದ್ದರೆ ಎಲ್ಲವನ್ನೂ ಒಟ್ಟಿಗೆ ಇಟ್ಟು ಒಂದು ಫೋಟೋ ಆದರೂ ತೆಗೆದುಕೊಳ್ಳಿ. ಪೆಟ್ಟಿಗೆ ಒಡೆದು ಒಂದೊಂದೇ ಮಾರಿದರೆ ಮಾರುವವರಿಗೆ ಹಣ ಜಾಸ್ತಿ ಬರುತ್ತದೆ, ನಿಜ. ಆದರೆ ಒಬ್ಬ ಕೆಲಸಗಾರ ಯಾವ ಯಾವ ಹತಾರ ಇಟ್ಟುಕೊಂಡಿದ್ದ ಎಂಬ ಮಾಹಿತಿ ಅಲ್ಲಿಗೇ ಹೋಯಿತು. ಅದನ್ನು ಮತ್ತೆ ಯಾರೂ ಕೂಡಿಸಲಾರರು.

ನಾಲ್ಕನೇ ಹೆಜ್ಜೆ: ದುಡ್ಡು ಕೊಡುವ ಮುಂಚೆ

ಹತ್ತರಿ ಜಾತಿಯ ಹತಾರದಲ್ಲಿ ಅಲಗು, ಬೆಣೆ ಎರಡೂ ಇವೆಯೇ ನೋಡಿ. ಬೆಣೆ ಕಳೆದುಹೋಗಿ ಇನ್ಯಾವುದೋ ಮರದ ಚೂರು ತುರುಕಿರುವುದು ಮಾಮೂಲು. ಬೆಣೆಯ ಬಣ್ಣ, ಸವೆತ ಮೈಯ ಬಣ್ಣಕ್ಕೆ ಹೊಂದಬೇಕು. ಗೋಡೆಗೆ ನೇತುಹಾಕಲು ಅಂತ ಮಾರುವ ಕ್ರೋಜ್‌ಗಳಲ್ಲಿ ಕತ್ತರಿಸುವ ಅಲಗೇ ಇರುವುದಿಲ್ಲ. ಅಲಗಿಲ್ಲದ ಕ್ರೋಜ್‌ಗೆ ಹೊಂದುವ ಅಲಗು ಬೇರೆ ಕಡೆ ಸಿಗುವುದು ಕಷ್ಟ.

ಬೀಚ್ ಮರದ ಮೈಯಲ್ಲಿ ಸಣ್ಣ ಸಣ್ಣ ತೂತಿದ್ದರೆ ಕೊರಕ ಹುಳುವಿನದ್ದು. ಹತಾರವನ್ನು ಬಿಳಿ ಕಾಗದದ ಮೇಲೆ ಮೆಲ್ಲಗೆ ತಟ್ಟಿ. ತಿಳಿ ಬಣ್ಣದ ಹೊಸ ಪುಡಿ ಉದುರಿದರೆ ಹುಳು ಇನ್ನೂ ಜೀವಂತ ಇರುವ ಸಾಧ್ಯತೆ ಇದೆ. ತೂತಿನ ಒಳಗೆ ಕಪ್ಪು ಕೊಳೆ ಕೂತಿದ್ದರೆ ಹಳೆಯ ಕಥೆ.

ಕಬ್ಬಿಣದ ಭಾಗದಲ್ಲಿ ತುಕ್ಕಿಗೆ ಹೆದರಬೇಡಿ, ಬಿರುಕಿಗೆ ಹೆದರಿ. ಕೊಡಲಿ, ಬಾಚಿಯ ಕಾವು ಕೂರುವ ಕಣ್ಣಿನ ಸುತ್ತ ಬಿರುಕಿದೆಯೇ ಉಗುರಿನಿಂದ ಸವರಿ ನೋಡಿ. ಹಳೆಯ ಅಲಗುಗಳಲ್ಲಿ ಮೆತ್ತನೆ ಕಬ್ಬಿಣದ ಮೈಗೆ ತುದಿಯಲ್ಲಿ ಮಾತ್ರ ಗಟ್ಟಿ ಉಕ್ಕು ಬೆಸೆದಿರುತ್ತಾರೆ. ಸಾಣೆ ಹಿಡಿದು ಹಿಡಿದು ಆ ಉಕ್ಕು ಮುಗಿದೇ ಹೋಗಿದ್ದರೆ ಅದು ನೋಡಲು ಮಾತ್ರ, ಕೆಲಸಕ್ಕೆ ಬಾರದು.

ಸವೆತ ಎಲ್ಲಿರಬೇಕು ಅಂತ ಯೋಚಿಸಿ. ಕ್ರೋಜ್‌ನ ಅರ್ಧಚಂದ್ರ ಹಲಗೆಯ ಕೆಳಮೈ ಪೀಪಾಯಿಯ ಬಾಯಿಗೆ ಉಜ್ಜಿ ಉಜ್ಜಿ ಬಾಗಿದ ಹಾದಿಯಲ್ಲಿ ತಗ್ಗು ಬಿದ್ದಿರಬೇಕು. ಹೆಬ್ಬೆರಳು ಕೂರುವ ಜಾಗ ನುಣುಪಾಗಿ ಕಪ್ಪಾಗಿರಬೇಕು. ಇಡೀ ಮೈ ಒಂದೇ ಸಮ ಕಂದು, ಮೂಲೆಗಳೆಲ್ಲ ಒಂದೇ ಸಮ ಉರುಟು ಇದ್ದರೆ ಅನುಮಾನ ಪಡಿ. ಕೆಲಸ ಮಾಡಿದ ಹತಾರ ಎಲ್ಲ ಕಡೆ ಸಮನಾಗಿ ಸವೆಯುವುದಿಲ್ಲ.

ಮಾರುವವರನ್ನು ಕೇಳಿ: ಇದು ಎಲ್ಲಿಂದ ಬಂತು, ಯಾವ ಊರು, ಯಾರ ಮನೆ? ಉತ್ತರ ಸಿಕ್ಕರೆ ಅಲ್ಲೇ ಬರೆದಿಟ್ಟುಕೊಳ್ಳಿ.

ಐದನೇ ಹೆಜ್ಜೆ: ಶುಚಿ ಮಾಡುವುದು, ಆದರೆ ಅತಿ ಬೇಡ

ಮನೆಗೆ ತಂದ ಕೂಡಲೇ ನೀರಿಗೆ ಹಾಕಬೇಡಿ, ತಂತಿ ಬ್ರಶ್ ಹಿಡಿದು ಕೂರಬೇಡಿ. ಮೊದಲು ಎಲ್ಲ ಬದಿಯ ಫೋಟೋ ತೆಗೆಯಿರಿ.

ಹುಳುವಿನ ಅನುಮಾನ ಇದ್ದರೆ ಹತಾರವನ್ನು ಬೇರೆ ಮರದ ಸಾಮಾನಿನಿಂದ ದೂರ ಇಡಿ. ಫ್ರೀಜರ್‌ನಲ್ಲಿ ಹಿಡಿಸುವ ಗಾತ್ರ ಆದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಪೂರ್ತಿ ಕೋಣೆಯ ಬಿಸಿಗೆ ಬರುವ ತನಕ ಚೀಲ ಬಿಚ್ಚಬೇಡಿ, ಇಲ್ಲದಿದ್ದರೆ ಮರದ ಮೇಲೆ ನೀರು ಕೂರುತ್ತದೆ.

ಮರಕ್ಕೆ ಮೊದಲು ಮೆತ್ತನೆ ಬ್ರಶ್. ಜಿಡ್ಡು ಬಿಡದಿದ್ದರೆ ಬಟ್ಟೆಗೆ ಸ್ವಲ್ಪ ಟರ್ಪೆಂಟೈನ್ ತಾಗಿಸಿ ಒರೆಸಿ. ಒಣಗಿದ ಮೇಲೆ ಜೇನುಮೇಣದ ಪಾಲಿಶ್ ತೆಳ್ಳಗೆ ಹಚ್ಚಿ ಒಣ ಬಟ್ಟೆಯಿಂದ ಉಜ್ಜಿ. ಇಷ್ಟೇ ಸಾಕು. ಉಪ್ಪುಕಾಗದ ಖಂಡಿತ ಬೇಡ. ಎಷ್ಟೋ ವರ್ಷ ಕೈ ತಾಗಿ ಬಂದ ಆ ಕಪ್ಪು ಹೊಳಪು, ಒತ್ತಿದ ಹೆಸರು, ಎಲ್ಲ ಒಂದೇ ನಿಮಿಷದಲ್ಲಿ ಹೋಗುತ್ತದೆ. ವಾರ್ನಿಶ್ ಕೂಡ ಬೇಡ.

ಅಗಸೆ ಎಣ್ಣೆ ಹಚ್ಚುವ ಅಭ್ಯಾಸ ಹಲವರಿಗಿದೆ. ಮರ ತೀರಾ ಒಣಗಿ ಬೂದು ಬಣ್ಣಕ್ಕೆ ತಿರುಗಿದ್ದರೆ ತೆಳ್ಳಗೆ ಒಂದು ಸಲ ಹಚ್ಚಬಹುದು. ಆದರೆ ಒಂದು ವಿಷಯ ಗಟ್ಟಿಯಾಗಿ ನೆನಪಿಡಿ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತನ್ನಷ್ಟಕ್ಕೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹೊರಗೆ ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ಅದ್ದಿ ಮುಚ್ಚಿದ ಡಬ್ಬಿಯಲ್ಲಿ ಹಾಕಿ.

ಕಬ್ಬಿಣಕ್ಕೆ ಸೀಮೆಎಣ್ಣೆ ಅಥವಾ ತೆಳು ಮೆಷಿನ್ ಎಣ್ಣೆ ಸವರಿ ಒಂದು ರಾತ್ರಿ ಬಿಡಿ. ಆಮೇಲೆ ಅತಿ ನಯವಾದ ಸ್ಟೀಲ್ ವುಲ್‌ನಿಂದ ಮೆಲ್ಲಗೆ ಉಜ್ಜಿ. ಕಿತ್ತಳೆ ಬಣ್ಣದ, ಬೆರಳಿಗೆ ಅಂಟುವ ತುಕ್ಕು ಹೋಗಬೇಕು. ಅದರ ಕೆಳಗಿನ ಕಪ್ಪು-ಕಂದು ಪದರ ಹಾಗೇ ಉಳಿಯಬೇಕು, ಅದು ಹೊಸ ತುಕ್ಕನ್ನು ತಡೆಯುತ್ತದೆ. ಮುದ್ರೆಯ ಮೇಲೆ ಆಸಿಡ್, ವಿನೆಗರ್ ಹಾಕಬೇಡಿ, ಅಕ್ಷರದ ಅಂಚು ತಿಂದುಹಾಕುತ್ತದೆ. ಮೋಟರಿಗೆ ಸಿಕ್ಕಿಸುವ ತಂತಿ ಚಕ್ರವೂ ಬೇಡ. ಕನ್ನಡಿಯಂತೆ ಹೊಳೆಯುವ ಹಳೆಯ ಬಾಚಿ ನೋಡಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಆರನೇ ಹೆಜ್ಜೆ: ಸಾಣೆ ಹಿಡಿಯಬೇಕೇ?

ನೀವು ಬಳಸುವುದಾದರೆ ಮಾತ್ರ. ಅಪರೂಪದ್ದು, ಹೆಸರು ಮುದ್ರೆ ಇರುವಂಥದ್ದು ಆಗಿದ್ದರೆ ಹಾಗೇ ಬಿಡಿ.

ಬಳಸುವುದಾದರೆ ಯಾವ ಬದಿಯಲ್ಲಿ ಮೊದಲೇ ಓರೆ ಇದೆಯೋ ಅದೇ ಬದಿಗೆ ಸಾಣೆ ಹಿಡಿಯಿರಿ. ಚಪ್ಪಟೆ ಬದಿಯನ್ನು ಕಲ್ಲಿಗೆ ಪೂರ್ತಿ ಒರಗಿಸಿ, ಅಂಚಿನ ಕರಡು ತೆಗೆಯುವಷ್ಟು ಮಾತ್ರ ಉಜ್ಜಿ. ಬಾಗಿದ ಅಲಗಿಗೆ ಚಪ್ಪಟೆ ಸಾಣೆಕಲ್ಲು ತಲುಪುವುದಿಲ್ಲ. ಸರಿಯಾದ ದಪ್ಪದ ಮರದ ಗೂಟಕ್ಕೆ ಎಮರಿ ಪೇಪರ್ ಸುತ್ತಿ ಉಜ್ಜಿ. ಅಲಗಿನ ಬಾಗನ್ನು ಒಂದು ರಟ್ಟಿನ ಮೇಲೆ ಮೊದಲೇ ಬರೆದಿಟ್ಟುಕೊಂಡರೆ ಉಜ್ಜುತ್ತಾ ಆಕಾರ ಬದಲಾಗುತ್ತಿದೆಯೇ ಅಂತ ಹೋಲಿಸಿ ನೋಡಬಹುದು. ಕರೆಂಟಿನ ಗ್ರೈಂಡರ್‌ಗೆ ಹಿಡಿದರೆ ತೆಳು ಅಂಚು ಕ್ಷಣದಲ್ಲಿ ನೀಲಿ ಬಣ್ಣಕ್ಕೆ ತಿರುಗುತ್ತದೆ. ನೀಲಿ ಬಂತು ಅಂದರೆ ಆ ಜಾಗದ ಹದ ಹೋಯಿತು. ಮತ್ತೆ ಎಷ್ಟು ಸಾಣೆ ಹಿಡಿದರೂ ಹರಿತ ನಿಲ್ಲುವುದಿಲ್ಲ.

ಕ್ರೋಜ್‌ನ ಗರಗಸದ ಹಲ್ಲನ್ನು ಸಣ್ಣ ತ್ರಿಕೋನದ ಅರದಿಂದ ಒಂದೊಂದಾಗಿ, ಮೊದಲಿದ್ದ ಕೋನದಲ್ಲೇ ಉಜ್ಜಬೇಕು. ಮುಗಿದ ಮೇಲೆ ಡ್ರಾ ನೈಫ್ ಅಲಗಿಗೆ ಚರ್ಮದ ಒರೆ ಹಾಕಿ. ಚರ್ಮ ಇಲ್ಲದಿದ್ದರೆ ತೋಟಕ್ಕೆ ನೀರು ಬಿಡುವ ಪೈಪಿನ ತುಂಡನ್ನು ಉದ್ದಕ್ಕೆ ಸೀಳಿ ಅಲಗಿಗೆ ಸಿಕ್ಕಿಸಿ.

ಏಳನೇ ಹೆಜ್ಜೆ: ಊರಿಗೆ ತಂದರೆ

ವಿಮಾನದಲ್ಲಿ ಅಲಗಿನ ಸಾಮಾನು ಕೈಚೀಲದಲ್ಲಿ ಬಿಡುವುದಿಲ್ಲ. ಚೆಕ್-ಇನ್ ಲಗೇಜಿನಲ್ಲಿ, ಅಲಗಿಗೆ ದಪ್ಪ ರಟ್ಟು ಕಟ್ಟಿ, ಬಟ್ಟೆಯ ನಡುವೆ ಇಡಿ. ಜಾಯಿಂಟರ್ ತರುವ ಆಸೆ ಇದ್ದರೆ ಅದರ ಉದ್ದ ಮೊದಲೇ ಅಳೆಯಿರಿ, ಹಡಗಿನ ಸರಕಿನಲ್ಲಿ ಕಳಿಸುವುದೇ ವಾಸಿ.

ನಮ್ಮ ಬಿಸಿಲು ಆ ಮರಕ್ಕೆ ಹೊಸದು. ಬೆಂಗಳೂರಿನ ಅಮೃತ್ ಡಿಸ್ಟಿಲರಿಯ ವಿಸ್ಕಿ ಓಕ್ ಪೀಪಾಯಿಯಲ್ಲಿ ಇದ್ದಷ್ಟು ಕಾಲ ಪ್ರತಿವರ್ಷ ಸುಮಾರು 10ರಿಂದ 12 ಶೇಕಡಾ ಆವಿಯಾಗಿ ಹೋಗುತ್ತದೆ. ಸ್ಕಾಟ್ಲೆಂಡಿನಲ್ಲಿ ಅದು ಸುಮಾರು 2 ಶೇಕಡಾ. ಪೀಪಾಯಿಯೊಳಗಿನ ವಿಸ್ಕಿಗೇ ಹೀಗಾದರೆ, ತಂಪಿನಲ್ಲಿ ನೂರು ವರ್ಷ ಇದ್ದ ಬೀಚ್ ಮರದ ಹತ್ತರಿಯನ್ನು ಏಪ್ರಿಲ್‌ನಲ್ಲಿ ಕಿಟಕಿ ಪಕ್ಕ ಇಟ್ಟರೆ ಏನಾದೀತು? ಕುಗ್ಗಿ ಬಿರುಕು ಬಿಡುತ್ತದೆ. ಬೆಣೆಗಳನ್ನು ಸಡಿಲ ಮಾಡಿ ಇಡಿ. ಬಿಗಿದ ಬೆಣೆಯ ಸುತ್ತ ಮೈ ಕುಗ್ಗಿದರೆ ಮರ ಅಲ್ಲೇ ಸೀಳುತ್ತದೆ. ಬಿಸಿಲು ಬೀಳದ, ಗಾಳಿ ಆಡುವ ಒಳಕೋಣೆ ಒಳ್ಳೆಯದು.

ಮಂಗಳೂರು, ಉಡುಪಿ, ಕಾರವಾರದ ಕಡೆ ಸಮಸ್ಯೆ ಬೇರೆ. ಮಳೆಗಾಲದ ತೇವಕ್ಕೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಜೂನ್‌ಗೆ ಮುಂಚೆ ಕಬ್ಬಿಣದ ಭಾಗಕ್ಕೆಲ್ಲ ತೆಳು ಎಣ್ಣೆ ಅಥವಾ ಮೇಣ ಸವರಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಒಳಗೇ ಬೆವರುತ್ತದೆ. ಸಾಮಾನನ್ನು ನೆಲಕ್ಕೆ, ಗೋಡೆಗೆ ತಾಗಿಸಿ ಇಡಬೇಡಿ, ಗೆದ್ದಲಿಗೆ ಓಕ್, ಬೀಚ್ ಅಂತ ಭೇದವಿಲ್ಲ. ಕಬ್ಬಿಣದ ಕಪಾಟು ಎಲ್ಲಕ್ಕಿಂತ ಕ್ಷೇಮ.

ಪ್ರತಿ ಹತಾರಕ್ಕೂ ದಾರದಲ್ಲಿ ಒಂದು ರಟ್ಟಿನ ಚೀಟಿ ಕಟ್ಟಿ. ಹತಾರದ ಮೈಮೇಲೆ ಅಂಟು, ಮಾರ್ಕರ್ ಬೇಡ. ಎಲ್ಲಿ ಸಿಕ್ಕಿತು, ಯಾವಾಗ, ಯಾರಿಂದ, ಮೇಲೆ ಯಾವ ಹೆಸರು ಒತ್ತಿದೆ, ಜೊತೆಗೆ ಇನ್ನೇನಿತ್ತು, ಇಷ್ಟನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ಸಿಲ್ ಬರಹ ತೇವಕ್ಕೆ ಹರಡುವುದಿಲ್ಲ. ನಿಮ್ಮ ಊಹೆಯನ್ನು ಊಹೆ ಅಂತಲೇ ಬರೆಯಿರಿ.

ಹತಾರಗಳು ಕೆಲಸ ಮಾಡುವುದನ್ನು ಕಣ್ಣಾರೆ ನೋಡಬೇಕೆಂದರೆ ಸ್ಕಾಟ್ಲೆಂಡಿನ ಕ್ರೇಗೆಲಾಚಿಯಲ್ಲಿರುವ ಸ್ಪೇಸೈಡ್ ಕೂಪರೇಜ್‌ಗೆ ಹೋಗಿ. 1947ರಿಂದ ನಡೆಯುತ್ತಿರುವ ಕಾರ್ಯಾಗಾರ ಅದು, ಮೇಲಿನಿಂದ ನಿಂತು ನೋಡಲು ಜಾಗ ಮಾಡಿದ್ದಾರೆ. ಅಲ್ಲಿ ಯಂತ್ರವೂ ಇದೆ, ಆದರೆ ಸುತ್ತಿಗೆ ಮತ್ತು ಡ್ರೈವರ್ ಹಿಡಿದು ಪೀಪಾಯಿಯ ಸುತ್ತ ನಡೆಯುತ್ತಾ ಬಳೆ ಇಳಿಸುವುದು ಇವತ್ತಿಗೂ ಕೈಕೆಲಸವೇ. ಅಮೆರಿಕದಲ್ಲಿರುವವರಿಗೆ ವರ್ಜೀನಿಯಾದ ಕಲೋನಿಯಲ್ ವಿಲಿಯಮ್ಸ್‌ಬರ್ಗ್ ಹತ್ತಿರ. ಅಲ್ಲಿ 18ನೇ ಶತಮಾನದ ರೀತಿಯಲ್ಲೇ, ಕೈ ಹತಾರದಲ್ಲೇ ಪೀಪಾಯಿ, ಬಕೆಟ್ ಕಟ್ಟುತ್ತಾರೆ. ಕೆಲಸಗಾರರು ಪ್ರಶ್ನೆ ಕೇಳಿದರೆ ನಿಂತು ಉತ್ತರಿಸುತ್ತಾರೆ. ನಿಮಗೆ ಗುರುತು ಸಿಗದೆ ಉಳಿದ ಹತಾರದ ಫೋಟೋಗಳನ್ನು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದವನ್ನು, ಫೋನಿನಲ್ಲಿ ಜೊತೆಗೆ ಒಯ್ಯಿರಿ.